ಫಾರ್ಟಿ ಎಂಜಿನ್ನಿಗೆ 150 ಕಿಲೋಮೀಟರ್

ರಿಮೋಟ್ ವಿಮಾನ ಹಾರಿಸುವವರಿಗೆ ಟ್ರೇನರ್ ಕೈಗೆ ಪಳಗಿದ ಮೇಲೆ ವೇಗದ ಹುಚ್ಚು ಹಿಡಿಯುವುದು ಸಹಜ. ಏರಿಸುವುದು, ಸುತ್ತು ಹೊಡೆಸುವುದು, ಇಳಿಸುವುದು ಎಲ್ಲ ಬಂದಿರುತ್ತದೆ. ಇನ್ನು ಸಿಳ್ಳೆ ಹೊಡೆಯುತ್ತ ಎದುರಿಗೇ ಹಾದುಹೋಗುವ ವಿಮಾನ ಬೇಕು ಅನಿಸುತ್ತದೆ. ಆಗ ಹೆಚ್ಚಿನವರಿಗೆ ಹೊಳೆಯುವುದು ಒಂದೇ ದಾರಿ: ಫಾರ್ಟಿ ಎಂಜಿನ್ ಕಳಚಿ ದೊಡ್ಡದೊಂದನ್ನು ಕೂರಿಸುವುದು. ಫಾರ್ಟಿ ಅಂದರೆ 0.40 ಘನ ಇಂಚು, ಸುಮಾರು 6.5 ಸಿಸಿ. ನಮ್ಮಲ್ಲಿ ಕೈಯಿಂದ ಕೈಗೆ ದಾಟುತ್ತ ಬಂದಿರುವ ಹಳೆಯ ಗ್ಲೋ ಎಂಜಿನ್‌ಗಳಲ್ಲಿ ಬಹುಪಾಲು ಈ ಅಳತೆಯವೇ. ಬಾಲ್ ಬೇರಿಂಗ್ ಇಲ್ಲದ, ಬರೀ ಬುಷ್ ಮೇಲೆ ತಿರುಗುವ ಸಾಧಾರಣ ಎಂಜಿನ್‌ಗಳು.

ದೊಡ್ಡ ಎಂಜಿನ್ ಕೊಳ್ಳುವ ಮುಂಚೆ ಒಂದು ಲೆಕ್ಕ ನೋಡಿ. ವೇಗ ಹೆಚ್ಚಿದಂತೆ ಗಾಳಿಯ ಎಳೆತ ವೇಗದ ವರ್ಗದಷ್ಟು ಏರುತ್ತದೆ. ಆ ಎಳೆತವನ್ನು ಮೀರಿ ಸಾಗಲು ಬೇಕಾದ ಶಕ್ತಿ ವೇಗದ ಘನದಷ್ಟು ಏರುತ್ತದೆ. ವೇಗ ಇಮ್ಮಡಿಯಾಗಬೇಕಾದರೆ ಶಕ್ತಿ ಎಂಟು ಪಟ್ಟು ಬೇಕು. ಅಶ್ವಶಕ್ತಿಯನ್ನು ಇಮ್ಮಡಿ ಮಾಡಿದರೆ ಹೆಚ್ಚುವ ವೇಗ ಶೇ 26 ಮಾತ್ರ. ಗಂಟೆಗೆ 110 ಕಿ.ಮೀ. ಹೋಗುತ್ತಿದ್ದದ್ದು 139ಕ್ಕೆ ಬಂದೀತು, ಅದೂ ಹೊಸ ಎಂಜಿನ್ನಿನ ತೂಕ, ದೊಡ್ಡ ಟ್ಯಾಂಕಿನ ತೂಕ ಲೆಕ್ಕಕ್ಕೆ ಹಿಡಿಯದಿದ್ದರೆ. ಇದೇ ಲೆಕ್ಕ ಇನ್ನೊಂದು ಕಡೆಯಿಂದಲೂ ನಿಲ್ಲುತ್ತದೆ. ಎಂಜಿನ್ ಮುಟ್ಟದೆ ಎಳೆತವನ್ನು ಅರ್ಧಕ್ಕೆ ಇಳಿಸಿದರೂ ಸಿಗುವುದು ಅದೇ 139. ಆ ಕೆಲಸಕ್ಕೆ ಬೇಕಾದದ್ದು ಮರಳು ಕಾಗದ, ಟೇಪು, ಒಂದಿಷ್ಟು ತಾಳ್ಮೆ.

ನಿಜವಾದ ವಿಮಾನಗಳಲ್ಲೂ ಇದಕ್ಕೆ ಸಾಕ್ಷಿ ಇದೆ. ಫ್ಲೈಯಿಂಗ್ ಕ್ಲಬ್ಬುಗಳ ಸೆಸ್ನಾ 150 ವಿಮಾನದಲ್ಲಿರುವುದು ಕಾಂಟಿನೆಂಟಲ್ ಕಂಪನಿಯ 100 ಅಶ್ವಶಕ್ತಿಯ ಎಂಜಿನ್. ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 200 ಕಿ.ಮೀ. ಅದೇ ಮಾದರಿಯ ಎಂಜಿನ್ನನ್ನು ಹೊತ್ತ ನೆಮೆಸಿಸ್ ಎಂಬ ರೇಸ್ ವಿಮಾನ 1990ರ ದಶಕದಲ್ಲಿ ಅಮೆರಿಕದಲ್ಲಿ 400 ಕಿ.ಮೀ. ದಾಟಿ ಓಡುತ್ತಿತ್ತು. ಮಾದರಿ ವಿಮಾನಗಳಲ್ಲಿ ಇನ್ನೂ ವಿಚಿತ್ರ. ತಂತಿ ಹಿಡಿದು ಸುತ್ತಿಸುವ ಕಂಟ್ರೋಲ್ ಲೈನ್ ವೇಗ ಸ್ಪರ್ಧೆಯಲ್ಲಿ ಎಂಜಿನ್ 2.5 ಸಿಸಿ ಮೀರುವಂತಿಲ್ಲ, ಇಂಧನ 80 ಭಾಗ ಮೆಥನಾಲ್, 20 ಭಾಗ ಹರಳೆಣ್ಣೆ, ಅಷ್ಟೇ. ಆದರೂ ಅವು ಗಂಟೆಗೆ 300 ಕಿ.ಮೀ. ಆಸುಪಾಸಿನಲ್ಲಿ ಹಾರುತ್ತವೆ. ಎನ್‌ಸಿಸಿ ವಾಯು ವಿಭಾಗದಲ್ಲಿ ಇದ್ದವರು ಕಂಟ್ರೋಲ್ ಲೈನ್ ಹಿಡಿದು ಗಿರಗಿರ ಸುತ್ತಿರುತ್ತಾರೆ. ಹಿಂದಿನ ತಲೆಮಾರಿನವರಾದರೆ ಕೋಲ್ಕತ್ತದಲ್ಲಿ ತಯಾರಾಗುತ್ತಿದ್ದ ಅರೋರಾ ಡೀಸೆಲ್ ಎಂಜಿನ್ನಿನ ಈಥರ್ ವಾಸನೆಯೂ ನೆನಪಿದ್ದೀತು. ಅವರಿಗೆ ಈ ಅಂಕಿ ಎಂಥದ್ದು ಎಂದು ಬಿಡಿಸಿ ಹೇಳಬೇಕಿಲ್ಲ.

ಕೆ.ಆರ್.ಎಸ್. ಅಣೆಕಟ್ಟಿನ ಸುತ್ತಿನ ಬಯಲುಗಳಲ್ಲಿ ಹಾರಿಸುವವರಿಗೆ, ಸುಮಾರು 1.8 ಕೆ.ಜಿ. ತೂಕದ, ಫಾರ್ಟಿ ಎಂಜಿನ್ನಿನ ವಿಮಾನವನ್ನು 110ರಿಂದ 150ರ ಆಚೆಗೆ ಒಯ್ಯುವ ಬಗೆ ಇದು.

ಮೊದಲು ಪ್ರೊಪೆಲರ್

ಪ್ರೊಪೆಲರ್ ಮೇಲೆ ಎರಡು ಅಂಕಿ ಇರುತ್ತವೆ, 10×6 ಎಂಬಂತೆ. ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಒಂದು ಸುತ್ತಿಗೆ ಅದು ಜಾರದೆ ಎಷ್ಟು ಮುಂದೆ ಹೋಗಬೇಕೋ ಅದೇ ಪಿಚ್. ಹಾಗಾಗಿ ಪಿಚ್ಚನ್ನು ಆರ್‌ಪಿಎಂನಿಂದ ಗುಣಿಸಿ, ಬಂದದ್ದನ್ನು 0.001524ರಿಂದ ಗುಣಿಸಿದರೆ ಗಂಟೆಗೆ ಇಷ್ಟು ಕಿಲೋಮೀಟರ್ ಎಂಬ ಮಿತಿ ಸಿಗುತ್ತದೆ. ಟ್ರೇನರಿನ 10×6 ಪ್ರೊಪೆಲರ್ 12,000 ಆರ್‌ಪಿಎಂನಲ್ಲಿ ತಿರುಗಿದರೆ ಮಿತಿ 110. ನೀವು ರೆಕ್ಕೆಯನ್ನು ಕನ್ನಡಿಯಂತೆ ಉಜ್ಜಿದರೂ ಮಟ್ಟಸ ಹಾರಾಟದಲ್ಲಿ ವಿಮಾನ ಅದರಾಚೆಗೆ ಹೆಚ್ಚು ಹೋಗುವುದಿಲ್ಲ. ಎಷ್ಟೋ ಜನ ಎಂಜಿನ್ ದೂರುತ್ತ ಕೂತಿರುವುದು ಈ ಗೋಡೆಗೆ ತಲೆ ಕೊಟ್ಟು.

ಹಾಗೆಂದು 10×6 ಬಿಚ್ಚಿ 10×9 ಹಾಕಿದರೆ ಎಂಜಿನ್ ಏದುಸಿರು ಬಿಡುತ್ತದೆ. ಪ್ರೊಪೆಲರ್ ನುಂಗುವ ಶಕ್ತಿ ಹೆಚ್ಚುಕಡಿಮೆ ವ್ಯಾಸದ ನಾಲ್ಕನೇ ಘಾತ ಮತ್ತು ಪಿಚ್ಚಿನ ಗುಣಲಬ್ಧಕ್ಕೆ ತಕ್ಕಂತೆ ಇರುತ್ತದೆ. ಅಂದರೆ ವ್ಯಾಸ ಒಂದಿಂಚು ಇಳಿಸಿದರೆ ಸಿಗುವ ಬಿಡುವು ದೊಡ್ಡದು. ಅದನ್ನು ಪಿಚ್ಚಿಗೆ ಖರ್ಚು ಮಾಡಬಹುದು. ಹತ್ತನ್ನು ನಾಲ್ಕು ಸಲ ಗುಣಿಸಿ ಆರರಿಂದ ಗುಣಿಸಿದರೆ 60,000. 9×7ಕ್ಕೆ ಇದೇ ಲೆಕ್ಕ 46,000ದ ಹತ್ತಿರ, 9×8ಕ್ಕೆ 52,500. ಅಂದರೆ ಪಿಚ್ ಎರಡಿಂಚು ಏರಿದರೂ 9×8ರ ಹೊರೆ 10×6ಕ್ಕಿಂತ ಕಡಿಮೆಯೇ. ನೆಲದ ಮೇಲೆ 12,500 ಆಸುಪಾಸು ತಿರುಗುವ ಈ ಪ್ರೊಪೆಲರ್ ಗಾಳಿಯಲ್ಲಿ ಹಗುರಾಗಿ 13,500 ಮುಟ್ಟಿದರೆ ಮಿತಿ 165ಕ್ಕೆ ಏರುತ್ತದೆ.

ಇಷ್ಟು ಓದಿ ನೇರವಾಗಿ 9×8ಕ್ಕೆ ಹಾರಬೇಡಿ. ದಪ್ಪ ರೆಕ್ಕೆಯ, ಚಕ್ರ ತಂತಿಗಳೆಲ್ಲ ಜೋತಾಡುವ ಟ್ರೇನರಿಗೆ ಇದನ್ನು ಹಾಕಿದರೆ ವಿಮಾನ ಆ ವೇಗಕ್ಕೆ ಏರುವುದೇ ಇಲ್ಲ. ಅಲಗುಗಳು ಗಾಳಿಯನ್ನು ಕಡಿಯದೆ ಕಲಕುತ್ತ ಉಳಿಯುತ್ತವೆ, ಮೊದಲಿಗಿಂತ ನಿಧಾನವೂ ಆಗಬಹುದು. ಎಳೆತ ಕಡಿಮೆ ಮಾಡಿ, ಆಮೇಲೆ ಪಿಚ್ ಒಂದಿಂಚು ಏರಿಸಿ. ಮತ್ತೆ ಎಳೆತ, ಮತ್ತೆ ಪಿಚ್. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಿಸಿದವರಿಗೆ ಯಾವುದರಿಂದ ಲಾಭವಾಯಿತು ಎಂಬುದು ಕೊನೆಗೂ ತಿಳಿಯುವುದಿಲ್ಲ.

ಹೆಚ್ಚು ಪಿಚ್ಚಿನ ಪ್ರೊಪೆಲರಿಗೆ ನಿಂತಲ್ಲಿ ಬಲ ಕಡಿಮೆ. ಅಲಗು ಕಡಿದಾಗಿ ನಿಂತಿರುವುದರಿಂದ ವಿಮಾನ ಓಟ ಹಿಡಿಯುವವರೆಗೆ ಅದು ಅರೆಬರೆ ಸ್ಟಾಲ್ ಆಗಿಯೇ ಇರುತ್ತದೆ. ಕೈಯಿಂದ ಎಸೆಯುವುದಾದರೆ ಗಾಳಿಗೆ ಎದುರಾಗಿ, ಮೂಗು ಮಟ್ಟಸವಾಗಿಟ್ಟು, ಗಟ್ಟಿಯಾಗಿ ಎಸೆಯಬೇಕು. ಎಸೆದ ಕೂಡಲೇ ಎಲಿವೇಟರ್ ಎಳೆಯುವವರ ವಿಮಾನ ಕಾಲಬುಡಕ್ಕೇ ಬೀಳುತ್ತದೆ. ಪ್ರೊಪೆಲರ್ ಬ್ಯಾಲೆನ್ಸ್ ಮಾಡದೆ ಹಾಕಲೇಬೇಡಿ, ಸೀಳಿದ್ದನ್ನು ಅಂಟಿಸಿ ಬಳಸಬೇಡಿ, ಎಂಜಿನ್ ಓಡುವಾಗ ಅದು ತಿರುಗುವ ವೃತ್ತದ ಪಕ್ಕಕ್ಕೆ ಯಾರನ್ನೂ ನಿಲ್ಲಿಸಬೇಡಿ.

ಗಾಳಿ ಎಲ್ಲಿ ತೊಡರುತ್ತದೆ

ದುಂಡನೆಯ ತಂತಿಯಷ್ಟು ಗಾಳಿಯನ್ನು ಕೆಡಿಸುವ ವಸ್ತು ಮತ್ತೊಂದಿಲ್ಲ. 4 ಮಿ.ಮೀ. ತಂತಿ ಕೊಡುವ ಎಳೆತ, ಅದಕ್ಕಿಂತ ಸುಮಾರು ಹತ್ತು ಪಟ್ಟು ದಪ್ಪದ, ಮೀನಿನಾಕಾರದ ಪಟ್ಟಿ ಕೊಡುವ ಎಳೆತಕ್ಕೆ ಸಮ. ಆದ್ದರಿಂದ ಮೊದಲ ಕತ್ತರಿ ಲ್ಯಾಂಡಿಂಗ್ ಗೇರಿಗೆ. ಚಕ್ರ ಪೂರ್ತಿ ತೆಗೆದು ಹೊಟ್ಟೆಯ ಮೇಲೆ ಇಳಿಸುವುದು ಉತ್ತಮ. ಹೊಟ್ಟೆಗೆ ಫೈಬರ್ ಬಟ್ಟೆ ಹಚ್ಚಿ ಎಪಾಕ್ಸಿ ಬಳಿದರೆ ಹುಲ್ಲಿನ ಮೇಲೆ ನೂರಾರು ಇಳಿತ ತಡೆಯುತ್ತದೆ. ಚಕ್ರ ಇರಲೇಬೇಕೆಂದರೆ ಅಲ್ಯೂಮಿನಿಯಂ ಪಟ್ಟಿಯ ಕಾಲು, ಚಿಕ್ಕ ತೆಳು ಚಕ್ರ. ಮೂರನೇ ಚಕ್ರದ ಅಗತ್ಯವೇ ಇಲ್ಲ.

ರೆಕ್ಕೆಯನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿದ್ದರೆ ಬಿಚ್ಚಿ ನೈಲಾನ್ ಬೋಲ್ಟು ಹಾಕಿ. ಬ್ಯಾಂಡು ಸಿಕ್ಕಿಸುವ ಕಡ್ಡಿಗಳೂ ಹೋಗಲಿ. ಐಲರಾನ್ ಮತ್ತು ರೆಕ್ಕೆಯ ನಡುವಿನ ಸಂದಿಯನ್ನು ಕೆಳಗಿನಿಂದ ಉದ್ದಕ್ಕೂ ಪಾರದರ್ಶಕ ಟೇಪಿನಿಂದ ಮುಚ್ಚಿ. ಕೆಳಗಿನ ಹೆಚ್ಚು ಒತ್ತಡದ ಗಾಳಿ ಸಂದಿಯಿಂದ ಮೇಲಕ್ಕೆ ಸೋರುವುದು ನಿಲ್ಲುತ್ತದೆ. ವೇಗಕ್ಕಿಂತ ಹೆಚ್ಚಾಗಿ ಹಿಡಿತ ಎಷ್ಟು ಬಿಗಿಯಾಯಿತು ಎಂಬುದು ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. ರೆಕ್ಕೆಯ ಹಿಂದಿನ ಅಂಚು ಚೂಪಾಗಿರಲಿ. ನಮ್ಮವರು ಮುಂದಿನ ಅಂಚನ್ನು ಗಂಟೆಗಟ್ಟಲೆ ಉಜ್ಜುತ್ತಾರೆ, ಹಿಂದೆ ಮೂರು ಮಿಲಿಮೀಟರ್ ದಪ್ಪ ಹಾಗೇ ಬಿಡುತ್ತಾರೆ. ಗಾಳಿ ಬಿಟ್ಟುಹೋಗುವ ಜಾಗವೇ ಮುಖ್ಯ.

ಹೊಸದಾಗಿ ಕಟ್ಟುವವರಾದರೆ ರೆಕ್ಕೆಯ ದಪ್ಪ ಅಗಲದ ಶೇ 9ರಿಂದ 10 ಇರಲಿ. ಟ್ರೇನರಿನಲ್ಲಿ ಇದು ಶೇ 15ರಷ್ಟಿರುತ್ತದೆ. ಅಮೆರಿಕದವರ ಕ್ವಿಕೀ 500 ರೇಸ್ ವಿಮಾನ ಇದಕ್ಕೆ ಒಳ್ಳೆಯ ಮಾದರಿ: 500 ಚದರ ಇಂಚಿನ ನೇರ ರೆಕ್ಕೆ, ಪೆಟ್ಟಿಗೆಯಂಥ ಒಡಲು, ಫಾರ್ಟಿ ಎಂಜಿನ್. ನೋಡಲು ಅಂದವೇನಿಲ್ಲ, ಆದರೆ ವಾರದಲ್ಲಿ ಕಟ್ಟಬಹುದು. ಕಾಲೇಜು ಹುಡುಗರು ಸನ್‌ಪ್ಯಾಕ್ ಶೀಟಿನಲ್ಲಿ ಕಟ್ಟುವುದುಂಟು. ಅಗ್ಗ, ಬಿದ್ದರೂ ಒಡೆಯದು. ಆದರೆ ತೂಕ ಹೆಚ್ಚು, ರೆಕ್ಕೆ ತಿರುಚಿಕೊಳ್ಳುತ್ತದೆ. 120ರ ಆಚೆಗೆ ಅದನ್ನು ನಾನು ನಂಬುವುದಿಲ್ಲ. ಥರ್ಮಾಕೋಲ್ ತಿರುಳಿಗೆ ತೆಳು ಬಾಲ್ಸಾ ಹೊದಿಸಿ, ಒಳಗೆ ಕಾರ್ಬನ್ ರಾಡ್ ಕೊಟ್ಟರೆ ಗಟ್ಟಿ.

ಎಂಜಿನ್ನಿಗೆ ಮುಚ್ಚಳ, ಅಂದರೆ ಕೌಲ್ ಹಾಕುವಾಗ ಎಲ್ಲರೂ ಗಾಳಿ ಒಳಬರುವ ತೂತನ್ನು ದೊಡ್ಡದಾಗಿ ಕೊರೆಯುತ್ತಾರೆ. ಬೇಕಾದದ್ದು ತಿರುಗಾಮುರುಗಾ. ಒಳಬರುವ ತೂತು ಚಿಕ್ಕದು, ಸಿಲಿಂಡರ್ ತಲೆಗೆ ನೇರ. ಹೊರಹೋಗುವ ದಾರಿ ಅದರ ಒಂದೂವರೆಯಿಂದ ಎರಡು ಪಟ್ಟು. ಬಿಸಿಯಾದ ಗಾಳಿ ಹಿಗ್ಗಿರುತ್ತದೆ, ಅದಕ್ಕೆ ಜಾಗ ಬೇಡವೇ? ಕೌಲಿನ ಅಚ್ಚಿಗೆ ದುಂಡನೆಯ ಮರದ ಮೂಗು ಬೇಕಾದವರು ಚನ್ನಪಟ್ಟಣದಲ್ಲಿ ಬಸ್ಸಿಳಿಯಬಹುದು. ಆಲೆ ಮರವನ್ನು ಲೇತಿನಲ್ಲಿ ಕಡೆಯುವ ಕೈಗಳಿಗೆ ಚಿತ್ರ ತೋರಿಸಿದರೆ ಸಾಕು.

ತೂಕದ ಬಗ್ಗೆ ಒಂದೇ ಮಾತು: ನೇರ ಓಟದಲ್ಲಿ ತೂಕ ಅಷ್ಟೇನೂ ವೇಗ ಕದಿಯುವುದಿಲ್ಲ, ಕದಿಯುವುದು ತಿರುವಿನಲ್ಲಿ ಮತ್ತು ಇಳಿಯುವಾಗ.

ಸೂಜಿ, ಬಿಸಿಲು, ಹರಳೆಣ್ಣೆ

ಕೆ.ಆರ್.ಎಸ್. ಪ್ರದೇಶ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಜನವರಿಯ ಬೆಳಗ್ಗೆ 16 ಡಿಗ್ರಿ ಇರುವಾಗ ಇಲ್ಲಿನ ಗಾಳಿ, ಸಮುದ್ರಮಟ್ಟದ ಪ್ರಮಾಣಿತ ಸಾಂದ್ರತೆಗಿಂತ ಸುಮಾರು ಶೇ 9 ತೆಳು. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿಯಲ್ಲಿ ಶೇ 14 ತೆಳು. ಎಂಜಿನ್ ಸೊರಗುತ್ತದೆ ನಿಜ, ಆದರೆ ಗಾಳಿ ತೆಳುವಾದಷ್ಟು ಎಳೆತವೂ ಇಳಿಯುತ್ತದೆ. ಒಂದನ್ನೊಂದು ಸರಿದೂಗಿಸಿಕೊಂಡು ಗರಿಷ್ಠ ವೇಗ ಹೆಚ್ಚು ಬದಲಾಗುವುದಿಲ್ಲ. ಬದಲಾಗುವುದು ನೆಲ ಬಿಡುವ ಮತ್ತು ನೆಲ ಮುಟ್ಟುವ ವೇಗ. ಮಧ್ಯಾಹ್ನ ಎರಡೂ ಹೆಚ್ಚು. ಹಾಗಾಗಿ ಬಿಸಿಲಿನಲ್ಲಿ ಎಂಜಿನ್ ಬೈಯುವ ಬದಲು ಇಳಿಸುವಾಗ ಜಾಗ ಹೆಚ್ಚು ಇಟ್ಟುಕೊಳ್ಳಿ.

ತೆಳು ಗಾಳಿಗೆ ಇಂಧನವೂ ಕಡಿಮೆ ಸಾಕು. ಮಂಗಳೂರಿನಲ್ಲಿ ಹೊಂದಿಸಿದ ನೀಡಲ್ ವಾಲ್ವ್ ಇಲ್ಲಿ ರಿಚ್ ಆಗುತ್ತದೆ, ಬೆಳಗ್ಗೆ ಏಳಕ್ಕೆ ಹೊಂದಿಸಿದ್ದು ಹನ್ನೊಂದಕ್ಕೆ ಸರಿ ಇರುವುದಿಲ್ಲ. ಪೂರ್ಣ ಥ್ರಾಟಲ್‌ನಲ್ಲಿ ಸೂಜಿಯನ್ನು ನಿಧಾನ ತಿರುಗಿಸುತ್ತ ಶಬ್ದ ಏರಿ ನಿಲ್ಲುವ ಬಿಂದು ಹಿಡಿಯಿರಿ, ಅಲ್ಲಿಂದ 300 ಆರ್‌ಪಿಎಂನಷ್ಟು ಹಿಂದಕ್ಕೆ, ಅಂದರೆ ಇಂಧನ ಹೆಚ್ಚುವ ಕಡೆಗೆ ಬನ್ನಿ. ಗಾಳಿಯಲ್ಲಿ ಎಂಜಿನ್ ಹಗುರಾಗಿ ಓಡುವಾಗ ಲೀನ್ ಆಗುತ್ತದೆ, ಆ ಅಂತರ ಅದಕ್ಕೆ ಬೇಕು. ವೇಗದ ಆಸೆಗೆ ತುತ್ತತುದಿಯಲ್ಲೇ ಬಿಟ್ಟವರು ಪಿಸ್ಟನ್ ಕೊಲ್ಲುತ್ತಾರೆ. ಟ್ಯಾಂಕಿನ ನಡುಮಧ್ಯ ಸೂಜಿಯ ಎತ್ತರಕ್ಕೇ ಇರಲಿ, ಸುತ್ತ ಸ್ಪಂಜು ಇರಲಿ. ಕಂಪನಕ್ಕೆ ನೊರೆ ಎದ್ದರೆ ಯಾವ ಹೊಂದಾಣಿಕೆಯೂ ನಿಲ್ಲದು.

ನೈಟ್ರೋಮೀಥೇನಿಗಾಗಿ ಪರದಾಡಬೇಡಿ. ಕಂಟ್ರೋಲ್ ಲೈನ್ ಸ್ಪರ್ಧೆಯ ಎಂಜಿನ್‌ಗಳು 300 ಕಿ.ಮೀ. ಮುಟ್ಟುವುದು ಅದಿಲ್ಲದೆಯೇ. ಬುಷ್ ಎಂಜಿನ್ನಿಗೆ ಶೇ 18ರಿಂದ 20 ಎಣ್ಣೆ, ಅದರಲ್ಲಿ ಅರ್ಧವಾದರೂ ಹರಳೆಣ್ಣೆ ಇರಬೇಕು. ಬಿಸಿ ಮಿತಿಮೀರಿದಾಗ ಉಳಿಸುವುದು ಅದೇ. ಮೆಥನಾಲ್ ಮಾತ್ರ ಹುಷಾರು. 1981ರಲ್ಲಿ ಬೆಂಗಳೂರಿನಲ್ಲಿ 300ರಷ್ಟು ಜನರನ್ನು ಕೊಂದ ಕಳ್ಳಭಟ್ಟಿಯಲ್ಲಿ ಇದ್ದದ್ದು ಇದೇ. ನೀರಿನ ಬಾಟಲಿಗೆ, ತಂಪು ಪಾನೀಯದ ಬಾಟಲಿಗೆ ತುಂಬಿಡಬೇಡಿ, ಬಾಯಿಂದ ಹೀರಿ ಟ್ಯಾಂಕಿಗೆ ಹರಿಸಬೇಡಿ. ಹೊತ್ತಿಕೊಂಡರೆ ಹಗಲಲ್ಲಿ ಅದರ ಜ್ವಾಲೆ ಕಣ್ಣಿಗೆ ಕಾಣುವುದೇ ಕಷ್ಟ.

ಬ್ಯಾಟರಿಯವರಿಗೂ ಲೆಕ್ಕ ಇದೇ. ಎಲ್ಲ ಕಡೆ ಸಿಗುವ 2212 ಮೋಟಾರ್, 2200 ಕೆವಿಯದ್ದು, ಮೂರು ಸೆಲ್ ಬ್ಯಾಟರಿ: 6×4 ಪ್ರೊಪೆಲರ್ 18,000 ತಿರುಗಿದರೆ ಮಿತಿ 110, 5×5 ಹಾಕಿ 20,000 ಬಂದರೆ 152. ಪ್ರತಿ ಬದಲಾವಣೆಯ ಮೇಲೂ ವಾಟ್ ಮೀಟರ್ ಸಿಕ್ಕಿಸಿ ಆಂಪಿಯರ್ ನೋಡಿ. ಮೋಟಾರಿನ ವೇಗ ನಿಯಂತ್ರಕ, ಅಂದರೆ ಇಎಸ್‌ಸಿಯ ಮೇಲೆ ಬರೆದ ಅಂಕಿಯ ಮುಕ್ಕಾಲು ದಾಟದಿದ್ದರೆ ಕ್ಷೇಮ.

ನಡುಕ

ವೇಗದ ವಿಮಾನಗಳು ಚೂರಾಗುವುದು ನೆಲಕ್ಕೆ ಬಡಿದು ಮಾತ್ರವಲ್ಲ, ಆಕಾಶದಲ್ಲೂ. ಒಂದು ವೇಗ ದಾಟಿದ ಮೇಲೆ ಐಲರಾನ್ ಅಥವಾ ಎಲಿವೇಟರ್ ತಾನಾಗಿ ಪಟಪಟ ಬಡಿದುಕೊಳ್ಳತೊಡಗುತ್ತದೆ. ಅದೇ ಫ್ಲಟರ್. ಝೇಂಕಾರದಂಥ ಒಂದು ಸದ್ದು, ಮುಂದಿನ ಕ್ಷಣ ರೆಕ್ಕೆ ಬೇರೆ, ಒಡಲು ಬೇರೆ. ಸದ್ದು ಕೇಳಿದ ಕೂಡಲೇ ಥ್ರಾಟಲ್ ಪೂರ್ತಿ ಇಳಿಸಿ, ಮೂಗನ್ನು ಮೆಲ್ಲಗೆ ಎತ್ತಿ. ಇಳಿದ ಮೇಲೆ ಎಲ್ಲ ಹಿಂಜ್ ನೋಡದೆ ಮತ್ತೆ ಹಾರಿಸಬೇಡಿ.

ಕಾರಣ ಬಹುಪಾಲು ಸಡಿಲ. ಐಲರಾನನ್ನು ಬೆರಳಿನಲ್ಲಿ ಅಲ್ಲಾಡಿಸಿ: ಸರ್ವೋ ಮಿಸುಕದೆ ಅದು ಮಾತ್ರ ಮಿಸುಕಿದರೆ ಆ ವಿಮಾನ ವೇಗಕ್ಕೆ ತಯಾರಿಲ್ಲ. ಪುಶ್‌ರಾಡ್ ಚಿಕ್ಕದು, ದಪ್ಪನೆಯದು ಇರಲಿ. ಸರ್ವೋ ಕೈಯಲ್ಲಿ ಒಳಗಿನ ತೂತು, ಹಾರ್ನಿನಲ್ಲಿ ಹೊರಗಿನ ತೂತು ಬಳಸಿ. ಚಲನೆ ಕಡಿಮೆಯಾಗುತ್ತದೆ, ಅದು ಬೇಕಾದದ್ದೇ. 150ರ ವೇಗಕ್ಕೆ ಎಲಿವೇಟರ್ ಕೆಲವೇ ಮಿಲಿಮೀಟರ್ ಆಡಿದರೆ ಸಾಕು. ಮೆಟಲ್ ಗೇರ್ ಸರ್ವೋಗೆ ಕೊಡುವ ಹಣ ವ್ಯರ್ಥವಲ್ಲ.

ಫೋನಿನಲ್ಲಿ ವೇಗ ಅಳೆಯುವುದು

‘ಇನ್ನೂರು ಹೋಯ್ತು ನೋಡ್ದಾ’ ಎಂಬ ಮಾತು ಎಲ್ಲ ಬಯಲಿನಲ್ಲೂ ಕೇಳುತ್ತದೆ. ಕಣ್ಣಳತೆ ನಂಬಬೇಡಿ. ಚಿಕ್ಕ ವಿಮಾನ ಇರುವುದಕ್ಕಿಂತ ವೇಗವಾಗಿ ಕಾಣುತ್ತದೆ. ಜಿಪಿಎಸ್ ಲಾಗರ್ ಇದ್ದರೆ ಸರಿ, ಇಲ್ಲದಿದ್ದರೆ ಫೋನಿನ ರೆಕಾರ್ಡರ್ ಸಾಕು. ರೈಲು ಸೀಟಿ ಹತ್ತಿರ ಬರುವಾಗ ಕೀರಲಾಗಿ, ದೂರ ಹೋಗುವಾಗ ದಪ್ಪವಾಗಿ ಕೇಳುವ ಡಾಪ್ಲರ್ ಪರಿಣಾಮವೇ ಇಲ್ಲೂ ಕೆಲಸಕ್ಕೆ ಬರುತ್ತದೆ. ಫೋನನ್ನು ಹಾರಾಟದ ಗೆರೆಯ ಮೇಲೆ ನೆಲದಲ್ಲಿಟ್ಟು, ಜನರೆಲ್ಲ ಪಕ್ಕಕ್ಕೆ ದೂರ ನಿಂತು, ವಿಮಾನವನ್ನು ಅದರ ಮೇಲೆ ತಗ್ಗಿನಲ್ಲಿ ನೇರವಾಗಿ ಹಾಯಿಸಿ. ಶಬ್ದದ ಆವರ್ತನ ತೋರಿಸುವ ಉಚಿತ ಆಪ್‌ನಲ್ಲಿ ಬರುವಾಗಿನ ಅಂಕಿ, ಹೋಗುವಾಗಿನ ಅಂಕಿ ಓದಿಕೊಳ್ಳಿ.

ಬರುವಾಗ 257 ಹರ್ಟ್ಸ್, ಹೋಗುವಾಗ 200 ಎನ್ನೋಣ. ವ್ಯತ್ಯಾಸ 57, ಮೊತ್ತ 457. ಒಂದನ್ನೊಂದರಿಂದ ಭಾಗಿಸಿ, 25 ಡಿಗ್ರಿಯಲ್ಲಿ ಶಬ್ದದ ವೇಗವಾದ ಸೆಕೆಂಡಿಗೆ 346 ಮೀಟರಿನಿಂದ ಗುಣಿಸಿದರೆ 43 ಮೀಟರ್, ಅಂದರೆ ಗಂಟೆಗೆ 155 ಕಿ.ಮೀ. ಗಾಳಿಗೆ ಎದುರೊಮ್ಮೆ, ಜೊತೆಗೊಮ್ಮೆ ಹಾಯಿಸಿ ಸರಾಸರಿ ತೆಗೆಯಿರಿ. ಇದೇ ಎರಡು ಅಂಕಿಗಳಲ್ಲಿ ಇನ್ನೊಂದು ಲಾಭ ಅಡಗಿದೆ: ಎರಡನ್ನೂ ಗುಣಿಸಿ, ಅದರ ಇಮ್ಮಡಿಯನ್ನು ಮೊತ್ತದಿಂದ ಭಾಗಿಸಿದರೆ 225 ಹರ್ಟ್ಸ್ ಬರುತ್ತದೆ. ಟೂ-ಸ್ಟ್ರೋಕ್ ಎಂಜಿನ್ ಸುತ್ತಿಗೊಮ್ಮೆ ಸಿಡಿಯುವುದರಿಂದ ಅರವತ್ತರಿಂದ ಗುಣಿಸಿದರೆ 13,500 ಆರ್‌ಪಿಎಂ, ಆಕಾಶದಲ್ಲಿದ್ದಾಗ. ಎರಡು ಅಲಗಿನ ಪ್ರೊಪೆಲರಿನ ಸದ್ದು ಇದರ ಇಮ್ಮಡಿಯಲ್ಲಿ ಕಾಣುತ್ತದೆ, ಗೊಂದಲವಾಗದಿರಲಿ. 9×8ರ ಮಿತಿ 165 ಇದ್ದು, ನಿಮಗೆ ಸಿಕ್ಕಿದ್ದು 155 ಆದರೆ ಹೊಂದಾಣಿಕೆ ಚೆನ್ನಾಗಿದೆ. ಸಿಕ್ಕಿದ್ದು 125 ಆದರೆ ಪ್ರೊಪೆಲರ್ ಮುಟ್ಟಬೇಡಿ, ಮರಳು ಕಾಗದ ಎತ್ತಿಕೊಳ್ಳಿ.

ಎಲ್ಲಿ ಹಾರಿಸುವುದು

ಅಣೆಕಟ್ಟು, ಬೃಂದಾವನದ ಕಡೆ ಬೇಡವೇ ಬೇಡ. ಪೊಲೀಸರೂ ಬಿಡುವುದಿಲ್ಲ, ಬಿಡಬಾರದು ಕೂಡ. ರಂಗನತಿಟ್ಟು ಪಕ್ಷಿಧಾಮದ ಹತ್ತಿರವೂ ಸುಳಿಯಬೇಡಿ. 2021ರ ಡ್ರೋನ್ ನಿಯಮಗಳ ಪ್ರಕಾರ ಮನರಂಜನೆಗಾಗಿ ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹಾರಿಸುವ 25 ಕೆ.ಜಿ. ಒಳಗಿನ ಮಾದರಿ ವಿಮಾನಕ್ಕೆ ಟೈಪ್ ಸರ್ಟಿಫಿಕೇಟ್ ಬೇಕಿಲ್ಲ, 2 ಕೆ.ಜಿ. ಒಳಗಿದ್ದು ವ್ಯಾಪಾರಕ್ಕಲ್ಲದಿದ್ದರೆ ರಿಮೋಟ್ ಪೈಲಟ್ ಸರ್ಟಿಫಿಕೇಟೂ ಬೇಕಿಲ್ಲ. ಹಸಿರು ವಲಯದಲ್ಲಿ ಎತ್ತರದ ಮಿತಿ 400 ಅಡಿ. ಹೊರಡುವ ಮುಂಚೆ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಯಾವ ಬಣ್ಣದಲ್ಲಿದೆ ನೋಡಿ, ಸ್ಥಳೀಯ ಠಾಣೆಗೆ ಒಂದು ಮಾತು ತಿಳಿಸಿ.

ಬೇಸಿಗೆಯಲ್ಲಿ ನೀರು ಇಳಿದಾಗ ಅಣೆಕಟ್ಟಿನಿಂದ ದೂರದ ಹಿನ್ನೀರಿನ ಅಂಚಿನಲ್ಲಿ ದನ ಮೇಯುವ ಹುಲ್ಲುಬಯಲು ತೆರೆದುಕೊಳ್ಳುತ್ತದೆ. ಹೊಟ್ಟೆಯ ಮೇಲೆ ಇಳಿಸಲು ಅದಕ್ಕಿಂತ ಮೆತ್ತನೆಯ ಜಾಗ ಸಿಗದು. ಆದರೆ ಟಿಟ್ಟಿಭ ಹಕ್ಕಿ ನೆಲದ ಮೇಲೇ ಮೊಟ್ಟೆ ಇಡುವ ಕಾಲವೂ ಅದೇ; ಒಂದು ಸುತ್ತು ನಡೆದು ನೋಡಿ, ಹಕ್ಕಿ ತಲೆಯ ಮೇಲೆ ಕೂಗುತ್ತ ಸುತ್ತಿದರೆ ಬೇರೆ ಕಡೆ ಹೋಗಿ. ಸಂಕ್ರಾಂತಿಯ ಹೊತ್ತಿಗೆ ಪಾಂಡವಪುರ ಕಡೆಯ ಭತ್ತದ ಗದ್ದೆಗಳು ಕೊಯ್ಲಾಗಿ ಖಾಲಿಯಾಗಿರುತ್ತವೆ. ಅಲ್ಲಿ ಗಮನಿಸಬೇಕಾದದ್ದು ಬದು. ಹಸುರು ಹುಲ್ಲಿನಲ್ಲಿ ಅಡಗಿದ ಒಂದಡಿ ಬದುವಿಗೆ ಮೂಗು ಕೊಟ್ಟರೆ ಎಂಜಿನ್ ಮೌಂಟ್ ಉಳಿಯುವುದಿಲ್ಲ. ಬದುವಿಗೆ ಸಮಾನಾಂತರವಾಗಿ ಇಳಿಸಿ. ಗದ್ದೆಯವರನ್ನು ಕೇಳಿಯೇ ಇಳಿಯಿರಿ. ‘ಏನಣ್ಣ, ಕಬ್ಬಿಗೆ ಔಷಧಿ ಹೊಡಿಯೋದಾ? ಎಕರೆಗೆ ಎಷ್ಟು?’ ಎಂಬ ಪ್ರಶ್ನೆಗೆ ನಗುತ್ತಲೇ ಉತ್ತರ ಕೊಡುವ ತಯಾರಿ ಇರಲಿ; ಡ್ರೋನ್ ಕಂಡಿರುವ ಊರಿನಲ್ಲಿ ಅದು ನ್ಯಾಯವಾದ ಪ್ರಶ್ನೆ. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಜೋರು, ಆ ತಿಂಗಳುಗಳನ್ನು ಕಟ್ಟುವ ಕೆಲಸಕ್ಕೆ ಇಟ್ಟುಕೊಳ್ಳಬಹುದು.

ನಾಲೆಯ ಬಯಲಿನ ನಿಜವಾದ ಶತ್ರು ಕಬ್ಬು. 155ರ ವೇಗದಲ್ಲಿ ವಿಮಾನ ಸೆಕೆಂಡಿಗೆ 43 ಮೀಟರ್ ಓಡುತ್ತದೆ. ಏಳು ಸೆಕೆಂಡು ಮೈಮರೆತರೆ 300 ಮೀಟರ್ ಆಚೆ, ಆಳೆತ್ತರ ಮೀರಿದ ಕಬ್ಬಿನೊಳಗೆ. ಅದಕ್ಕೇ ರೆಕ್ಕೆಯ ಮೇಲ್ಭಾಗಕ್ಕೆ ಕೇಸರಿಯೋ ಕೆಂಪೋ ಬಣ್ಣ, ಕೆಳಭಾಗಕ್ಕೆ ಕಪ್ಪು ಪಟ್ಟೆ ಇರಲಿ, ಹಸಿರು ಬಣ್ಣ ಎಲ್ಲೂ ಬೇಡ. ರಿಸೀವರಿಗೆ ಸಿಗ್ನಲ್ ತಪ್ಪಿದರೆ ಕೂಗುವ ಬಜರ್ ಹಾಕಿ, ಅದಕ್ಕೆ ಬೇರೆಯದೇ ಪುಟ್ಟ ಬ್ಯಾಟರಿ ಕೊಡಿ, ಬಿದ್ದಾಗ ದೊಡ್ಡ ಬ್ಯಾಟರಿ ಕಿತ್ತುಹೋಗುವುದೇ ಹೆಚ್ಚು. ಫೇಲ್‌ಸೇಫ್‌ನಲ್ಲಿ ಥ್ರಾಟಲ್ ಸೊನ್ನೆಗೆ ಬರುವಂತೆ ಹೊಂದಿಸಿ, ನೆಲದಲ್ಲೇ ಪರೀಕ್ಷಿಸಿ.

ಆದರೂ ಬಿತ್ತು ಎನ್ನಿ. ಹಾರಿಸುತ್ತಿದ್ದವರು ನಿಂತ ಜಾಗ ಬಿಟ್ಟು ಕದಲಬಾರದು, ಬಿದ್ದ ದಿಕ್ಕಿನಲ್ಲಿ ಕಾಣುವ ತೆಂಗಿನ ಮರವನ್ನೋ ಕರೆಂಟ್ ಕಂಬವನ್ನೋ ಗುರುತು ಹಿಡಿದುಕೊಳ್ಳಬೇಕು. ಇನ್ನೊಬ್ಬರು ಪಕ್ಕಕ್ಕೆ ನೂರು ಹೆಜ್ಜೆ ದೂರದಲ್ಲಿ ನಿಂತು ನೋಡಿದ್ದರೆ ಅವರದೂ ಒಂದು ಗುರುತು. ಎರಡು ಗೆರೆ ಕೂಡುವ ಕಡೆಗೆ ಮೂರನೆಯವರು ಕಬ್ಬಿನ ಸಾಲು ಹಿಡಿದು ನಡೆಯಲಿ. ಅಡ್ಡಡ್ಡ ನುಗ್ಗಿದರೆ ಬೆಳೆ ಮುರಿಯುತ್ತದೆ, ಸೋಗೆ ಮೈ ಕುಯ್ಯುತ್ತದೆ, ಹತ್ತು ಹೆಜ್ಜೆಗೆ ದಿಕ್ಕೂ ತಪ್ಪುತ್ತದೆ. ತುಂಬು ತೋಳಿನ ಅಂಗಿ, ಮುಚ್ಚಿದ ಬೂಟು, ಮುಂದೆ ನೆಲ ತಟ್ಟಲು ಒಂದು ಕೋಲು. ಕಬ್ಬಿನಲ್ಲಿ ಇಲಿ ಇರುತ್ತವೆ, ಇಲಿ ಇರುವಲ್ಲಿ ಹಾವೂ ಇರುತ್ತದೆ. ಕತ್ತಲಾದರೆ ಹುಡುಕಾಟ ನಿಲ್ಲಿಸಿ, ಗದ್ದೆಯವರ ಬಳಿ ನಿಮ್ಮ ಫೋನ್ ನಂಬರ್ ಬಿಟ್ಟು ಬನ್ನಿ. ಕಟಾವಿನ ಹೊತ್ತಿಗಾದರೂ ಫೋನ್ ಬರುತ್ತದೆ, ಎಂಜಿನ್ ತೊಳೆದು ಎಣ್ಣೆ ಹಾಕಿದರೆ ಹೆಚ್ಚಿನ ಸಲ ಮತ್ತೆ ಓಡುತ್ತದೆ.